ರಸೀದಿ

ಚುನಾವಣೆ ಮುಗಿಯುವ ತನಕ ಕೋವಿ ಶ್ರೀಮಂಗಲ ಠಾಣೆಯಲ್ಲಿ.
ಗೋಡೆಯ ಮೊಳೆಗೆ ಬರೀ ರಸೀದಿ.
ಅದು ಗೊತ್ತಿದ್ದವನೇ ಬಂದಿರಬೇಕು.

ಹಿಂಬಾಗಿಲ ಚಿಲಕ ಎರಡು ಸಲ ಕೆಮ್ಮಿತು.
ಕತ್ತಲಲ್ಲಿ ತಡಕಿದೆ.
ನೂಪುಟ್ಟಿನ ಒತ್ತು? ಎತ್ತಲು ಇಬ್ಬರು ಬೇಕು.
ಒಡಿಕತ್ತಿ ನಡುಮನೆಯಲ್ಲಿ, ಅವನಾಚೆ.
ಕೈಗೆ ಸಿಕ್ಕಿದ್ದು ಅತ್ತೆ ಬೊಳ್ಳವ್ವ
ಮೂರು ವರ್ಷ ಹಳತು ಮಾಡಿಟ್ಟ ಕಾಚಂಪುಳಿ.
ಮುಚ್ಚಳ ಹಲ್ಲಲ್ಲಿ ಕಿತ್ತು
ಮುಖವೆಂದು ತೋರಿದ ಕಡೆ ಎರಚಿದೆ.

ಆ ಕೂಗಿಗೆ ಗದ್ದೆಯಾಚೆಯ ನಾಯಿಗಳೆಲ್ಲ ಎದ್ದವು.

ಬೆಳಿಗ್ಗೆ ರೈಟರ್ ದುಗ್ಗಪ್ಪ ಕೇಳಿದ:
'ಆಯುಧ?'
'ಕಾಚಂಪುಳಿ.'
'ನಷ್ಟ?'
'ಅದೇ.'
ಪೆನ್ನು ತಡೆದು ನಕ್ಕ. ನಾನೂ ನಕ್ಕೆ,
ಮಂಡಿ ನಡುಗುವುದಿನ್ನೂ ನಿಂತಿರಲಿಲ್ಲ.

ಕೈಲ್‌ಪೊಳ್ದಿನ ಹೊತ್ತಿಗೆ ಕೋವಿ ಮರಳಿತ್ತು.
ನಳಿಗೆಗೆ ತೋಕ್‌ಪೂ ಸಿಕ್ಕಿಸಿ
ಖಾಲಿ ಬಾಟಲಿಗೂ ಒಂದು ಇಟ್ಟೆ.
ಅತ್ತೆ ಏನೂ ಅನ್ನಲಿಲ್ಲ.

ದುಗ್ಗಪ್ಪನಿಗೆ ಹೇಳದ್ದು ಒಂದಿದೆ.
ಕಪ್ಪು ಹನಿಗಳ ಜಾಡು
ಕಾಫಿ ಕಣದ ನಲ್ಲಿಯವರೆಗೆ ಹೋಗಿತ್ತು.
ಕಣ್ಣು ತೊಳೆದಿದ್ದಾನೆ, ಓಡಿದ್ದಾನೆ,
ನಡುವೆ, ಆ ಉರಿಯಲ್ಲೂ,
ಒಂದು ಹನಿ ಬೀಳದಂತೆ ನಲ್ಲಿ ನಿಲ್ಲಿಸಿದ್ದಾನೆ.

ಮೇಲಕ್ಕೆತ್ತಿ, ಎಡಕ್ಕೆ ಒತ್ತಿ ತಿರುಗಿಸದಿದ್ದರೆ
ರಾತ್ರಿಯಿಡೀ ಸೋರುವ ನಲ್ಲಿ ಅದು.
ಆ ಉಪಾಯ ಗೊತ್ತಿರುವುದು
ನಮಗೆ ನಾಲ್ವರಿಗೆ.