ಪುಟ್ಟಿ

ಕಕ್ಕಡದ ಕೊನೆಯ ವಾರ
ಬೊಳ್ಳಕ್ಕನ ಬಿಡಾರ ನನ್ನ ಶೆಡ್ಡಿಗೆ ಬಂತು.
ಬಿಡಾರ ಅಂದರೆ ಮೆಟಡೋರ್ ವ್ಯಾನು,
ಗೋಣಿಕೊಪ್ಪದಲ್ಲಿ ಎಲ್ಲರೂ ಹಾಗೇ ಕರೆಯುವುದು.
ಒಳಗೆ ಮಡಚುವ ಮಂಚ, ಒಂಟಿ ಬರ್ನರಿನ ಸ್ಟವ್,
ಹೂವಿನ ಪರದೆ, ಗೊರಕೆ ಹೊಡೆಯುವ ಸಣ್ಣ ಫ್ಯಾನು.
"ಕೈಲ್‌ಪೊಳ್ದಿಗೆ ಮೊದಲು ಆಗಬೇಕು ಉಮ್ಮರ್,
ಆಮೇಲೆ ನಾನು ಧನುಷ್ಕೋಡಿಗೆ, ಮತ್ತೆ."
ಎಪ್ಪತ್ತೊಂದು ವಯಸ್ಸು. ಆ 'ಮತ್ತೆ'ಯನ್ನು ಒತ್ತಿ ಹೇಳಿದರು.

ತುಕ್ಕನ್ನು ಕಣ್ಣಿಂದ ನೋಡಬಾರದು,
ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ಕೇಳಬೇಕು.
ಗಟ್ಟಿ ತಗಡು ಟಣ್ ಅನ್ನುತ್ತದೆ,
ತಿಂದ ತಗಡು ಕೆಮ್ಮುತ್ತದೆ.
ಬಾಗಿಲ ಕೆಳಗೆ, ಮಳೆನೀರಿನ ಗಟರಿನುದ್ದಕ್ಕೂ ಕೆಮ್ಮು.
ಬ್ಯಾಟರಿ ಕೂರುವ ತಟ್ಟೆ ಹಪ್ಪಳದ ಹಾಗೆ ಕೈಗೇ ಬಂತು.
ಮೆಟ್ಟಿಲಿನ ಅಡಿ ಕೊಯ್ದರೆ ಒಳಗಿಂದ ಮರಳು,
ಬಿಳಿ ಮರಳು, ಉಗುರಿನಷ್ಟು ಒಂದು ಚಿಪ್ಪು.
ಈ ಬೆಟ್ಟದ ಮಳೆಗೆ ಬಗ್ಗದ ಗಾಡಿ
ಕಡಲಿನ ಉಪ್ಪನ್ನು ಹೊಟ್ಟೆಯಲ್ಲಿಟ್ಟು ತಂದಿತ್ತು.

ಮೂರನೇ ದಿನ, ಎಡಗಡೆ ಹಿಂಚಕ್ರದ ಗೂಡು.
ಹಾಲುಬಣ್ಣ, ಅದರಡಿ ಪಾಚಿಹಸಿರು,
ಅದರಡಿ ತಿಳಿನೀಲಿ, ಆಮೇಲೆ ಪುಟ್ಟಿ.
ಬೆರಳ ದಪ್ಪ ಪುಟ್ಟಿ.
ಗ್ರೈಂಡರಿಗೆ ಕಿಡಿ ಹಾರಲಿಲ್ಲ, ಬರೀ ಧೂಳು.
"ಯಾವ ಕಳ್ಳ ಮಾಡಿದ್ದು ಇಕ್ಕಾ ಇದು?" ಅಂದ ಸಜಿ,
ಮೂಗಿಗೆ ಕಟ್ಟಿದ ಬಟ್ಟೆಯೊಳಗೇ ನಗುತ್ತ.
ನಾನೂ ನಕ್ಕೆ. ಉಳಿಯಿಟ್ಟು ಹೊಡೆದೆ.
ಕೋಳಿಗೂಡಿನ ಜಾಲರಿ ಬಂತು,
ಜಾಲರಿಯ ಹಿಂದೆ ತುರುಕಿದ ಸಿಮೆಂಟು ಚೀಲದ ಕಾಗದ ಬಂತು.
ಕಾಗದದ ಮೇಲೆ ಬಡಗಿ ಪೆನ್ಸಿಲಿನ ಲೆಕ್ಕ:
ಅಕ್ಕಿ 7, ಸೀಮೆಎಣ್ಣೆ 2, ಆಸ್ಪತ್ರೆ 370,
ಆಯಿಶಾಗೆ ಬಿಸ್ಕತ್ತು.
ಏಳಕ್ಕೆ ಹೊಟ್ಟೆಯ ಮೇಲೆ ಗೆರೆ ಎಳೆಯುವವನು
ಈ ಪೇಟೆಯಲ್ಲಿ ನಾನೊಬ್ಬನೇ.

ಪುಣ್ಯಕ್ಕೆ ಸಜಿ ಚಹಾ ತರಲು ಹೋಗಿದ್ದ.

ಹತ್ತೊಂಬತ್ತು ವರ್ಷ. ಆಗ ಶೆಡ್ಡಿಗೆ ಗೋಡೆಯಿರಲಿಲ್ಲ,
ಗ್ಯಾಸು ತುಂಬಿಸಲು ದುಡ್ಡಿರಲಿಲ್ಲ,
ಮಗಳ ಜ್ವರ ಇಳಿಯುತ್ತಿರಲಿಲ್ಲ. ಸರಿ.
ತಗಡಿನ ದುಡ್ಡು ಮಾತ್ರ ತಗೊಂಡಿದ್ದೆ,
ಸಾವಿರದ ಎಂಟುನೂರು.
ಪಾಲಿಶ್ ಹೊಡೆದು, ಮುಖ ಕಾಣುತ್ತೆ ನೋಡಿ ಅಕ್ಕ, ಅಂದಿದ್ದೆ.
ಅವರು ಬಗ್ಗಿ ನೋಡಿಕೊಂಡಿದ್ದರು.

ಕಾಗದಕ್ಕೆ ಬೆಂಕಿ ಹಚ್ಚಿದೆ. ಒದ್ದೆ, ಹೊತ್ತಲಿಲ್ಲ.
ಜೇಬಿಗಿಟ್ಟುಕೊಂಡೆ.

ಎರಡಿಂಚು ಸಾಕೆನಿಸಿದಲ್ಲಿ ಐದಿಂಚು ಕತ್ತರಿಸಿದೆ,
ಬೆಳ್ಳಗೆ ಲೋಹ ಹೊಳೆಯುವವರೆಗೆ.
ರಟ್ಟಿನಲ್ಲಿ ಅಳತೆ ತೆಗೆದು, ಹದಿನೆಂಟು ಗೇಜಿನ ಹೊಸ ತಗಡನ್ನು
ಹಲಸಿನ ದಿಮ್ಮಿಯ ಮೇಲೆ ಬಡಿದು ಬಡಿದು ಗೂಡಿನ ಬೆನ್ನು ಬಾಗಿಸಿದೆ.
ಒಂದು ಚುಕ್ಕಿ ಬೆಸುಗೆ ಇಲ್ಲಿ, ಇನ್ನೊಂದು ದೂರದಲ್ಲಿ.
ಒಂದೇ ಕಡೆ ಕಾಯಿಸಿದರೆ ತಗಡು ಮುನಿಸಿಕೊಳ್ಳುತ್ತದೆ,
ಆರಲಿ ಅಂತ ಕೂರಬೇಕು.
ಕೂತಲ್ಲಿ, ಶೀಟಿನ ಮೇಲೆ ಮಳೆ ಬಡಿಯುವಾಗ,
ಬೊಳ್ಳಕ್ಕನಿಗೆ ಹೇಳಬೇಕಾದ ಮಾತು ಜೋಡಿಸಿ ನೋಡಿದೆ.
ಪ್ರತಿ ಸಲ ಸೊಟ್ಟಗಾಯಿತು.

ರೆಡ್ ಆಕ್ಸೈಡ್ ಎರಡು ಕೈ. ಸಂದಿಗೆ ಸೀಲರ್.
ಟೊಳ್ಳಿನೊಳಕ್ಕೆ ಎಣ್ಣೆಯಲ್ಲಿ ಕರಗಿಸಿದ ಜೇನುಮೇಣ ಸುರಿದೆ,
ತಿತಿಮತಿಯ ಅಪ್ಪು ತಂದುಕೊಟ್ಟದ್ದು.
ಮೂರು ದಿನ ಶೆಡ್ಡಿನ ತುಂಬ ಜೇನುಹುಳ.
ಸಜಿಗೆ ಎರಡು ಕಚ್ಚಿದವು, ನನ್ನ ಹತ್ತಿರ ಒಂದೂ ಸುಳಿಯಲಿಲ್ಲ.

ಶುಕ್ರವಾರ ಬೊಳ್ಳಕ್ಕ ಬಂದರು, ಮಳೆ ಬಿಟ್ಟಿತ್ತು.
ಚೀಟಿಯಲ್ಲಿ ಸಾವಿರದ ಎಂಟುನೂರು ಕಳೆದಿದ್ದೆ,
ಯಾಕೆಂದು ಬರೆದಿರಲಿಲ್ಲ.
ಕನ್ನಡಕ ಏರಿಸಿ ಓದಿದರು, ಮಡಚಿದರು, ಕೇಳಲಿಲ್ಲ.
ನೇರ ಗಾಡಿಯ ಎಡಗಡೆಗೆ ನಡೆದರು.
ಹಿಂಚಕ್ರದ ಹತ್ತಿರ ಬಗ್ಗಿ, ಬೆರಳ ಗೆಣ್ಣಿನಿಂದ ತಟ್ಟಿದರು.
ಟಣ್.
ಇನ್ನೊಂದು ಸಲ.
"ಈ ಸಲ ತಗಡು" ಅಂದರು, ಸೊಂಟಕ್ಕೆ ಕೈಕೊಟ್ಟು ಏಳುತ್ತ,
ಟಯರಿಗೆ ಗಾಳಿ ಸಾಕಾ ಅಂತ ಕೇಳುವ ಧಾಟಿಯಲ್ಲಿ.

ಬಿಡಾರ ಪೊನ್ನಂಪೇಟೆ ರಸ್ತೆಗೆ ತಿರುಗಿತು,
ಪರದೆಯ ತುದಿ ಕಿಟಕಿಯಾಚೆ ಹಾರುತ್ತ.
"ಈ ಸಲ ಅಂದರೆ?" ಕೇಳಿದ ಸಜಿ.
ಗುಡಿಸು, ಅಂದೆ.
ನೆಲದ ತುಂಬ ಮರಳು.