ಲಗತ್ತುಗಳು

ಹಂಪನಕಟ್ಟೆಯಲ್ಲಿ, ಆಸ್ಪತ್ರೆ ಗೇಟಿನೆದುರು
ನನ್ನದೊಂದು ಜೆರಾಕ್ಸ್ ಮಿಷನ್ನು, ಎರಡು ಸ್ಟೂಲು.
ಪುಟಕ್ಕೆ ಎರಡು ರೂಪಾಯಿ.
ಫಾರಂ ತುಂಬಿಕೊಡುವುದಕ್ಕೆ ಏನೂ ಇಲ್ಲ,
ಸಹಿ ಹಾಕಿದ ಪೆನ್ನು ಮಾತ್ರ ವಾಪಸು ಕೊಡಬೇಕು.

ಬುಧವಾರ ಸುಂದರಿ ಬರುತ್ತಾಳೆ, ಬೊಳ್ಳೆಪಾದೆಯಿಂದ.
ಸೊಂಟದ ಮೇಲೆ ಮಗಳು ಧನ್ವಿ,
ಮಗಳ ಕಿವಿಯ ಹಿಂದೆ ಗೇರುಬೀಜದಂಥ ಯಂತ್ರ.
ಮಾತು ಕಲಿಸುವ ಡಾಕ್ಟರು ಇರುವುದು ಇಲ್ಲಿ ಮಾತ್ರ.
ಹೋಗಿಬರುವ ಖರ್ಚು ಸರ್ಕಾರ ಕೊಡುತ್ತದೆ,
ಟಿಕೆಟು ಲಗತ್ತಿಸಿದರೆ.

ಮೊದಲ ಸಲ ಬಂದಾಗ
ರವಿಕೆಯೊಳಗಿನ ಪರ್ಸು ಬಿಚ್ಚಿ
ಹದಿನಾಲ್ಕು ಚೀಟಿ ಮೇಜಿಗೆ ಸುರಿದಳು.
ಹದಿನಾಲ್ಕೂ ಬೆಳ್ಳಗೆ.
ಬೆವರು ತಾಗಿದರೆ ಆ ಅಕ್ಷರ ನಿಲ್ಲುವುದಿಲ್ಲ ಮಾರಾಯ್ತಿ, ಎಂದೆ.
ಒಂದನ್ನು ಎತ್ತಿ ಬೆಳಕಿಗೆ ಹಿಡಿದು
"ಇದು ಇವಳು ವಾಂತಿ ಮಾಡಿದ ದಿನದ್ದು" ಎಂದಳು.

ಅಂದಿನಿಂದ, ಬಸ್ಸಿಳಿದವಳೇ ಮೊದಲು ನನ್ನಲ್ಲಿಗೆ.
ಎರಡು ಬೆರಳಗಲದ ಚೀಟಿಗಳನ್ನು ಗಾಜಿನ ಮೇಲೆ
ಕವುಚಿ ಮಲಗಿಸುತ್ತೇನೆ. ಬೆಳಕು ಹಾಯುತ್ತದೆ.
ಒಂದು ಬುಧವಾರ ಕಾಗದದಲ್ಲಿ ಉಳಿಯುತ್ತದೆ.

ಎಲ್ಲದಕ್ಕೂ ಚೀಟಿ ಎಲ್ಲಿಂದ ತರುವುದು?
ಮನೆಯಿಂದ ಹೊಳೆಯವರೆಗೆ ಕಾಲು.
ಹೊಳೆಯಿಂದ ಪೇಟೆಗೆ ವಾರಿಜಣ್ಣನ ಜೀಪು,
ತಲೆಗೆ ಅರವತ್ತು. ರಶೀದಿ ಕೇಳಿದರೆ ನಗುತ್ತಾನೆ,
ಮಗುವಿನದ್ದು ಬೇಡ ಎನ್ನುತ್ತಾನೆ.
"ಹತ್ತಿರದ ಬಸ್ ನಿಲ್ದಾಣದಿಂದ" ಎಂದಿದೆ ಫಾರಂ.
ಯಾರಿಗೆ ಹತ್ತಿರ ಎಂದು ಬರೆದಿಲ್ಲ.

ಆಗಸ್ಟಿನ ಅರ್ಜಿಗೆ ಜನವರಿಯಲ್ಲಿ ದುಡ್ಡು ಬಂತು,
ಆರುನೂರ ಹನ್ನೆರಡು.
ಎಸ್ಸೆಮ್ಮೆಸ್ಸಿನ ಖರ್ಚೆಂದು ಬ್ಯಾಂಕು
ಹದಿನೆಂಟು ಮುರಿದುಕೊಂಡಿತ್ತು.
ಪಾಸ್‌ಬುಕ್ಕಿನ ಆ ಪುಟ ಜೆರಾಕ್ಸು ಮಾಡು ಎಂದಳು.
ಯಾವ ಆಫೀಸಿಗೆ, ಎಂದೆ.
ಆಫೀಸಿಗಲ್ಲ. ನನಗೇ. ಬಂದದ್ದಂತೂ ಬಂತಲ್ಲ.
ಎರಡು ರೂಪಾಯಿ ತೆಗೆದುಕೊಂಡೆ.
ಬೇಡವೆಂದರೆ ಅವಳಿಗೆ ಸಿಟ್ಟು.

ಕಳೆದ ಬುಧವಾರ
"ರೋಗಿಯ ಸ್ಥಿತಿಯಲ್ಲಿ ಪ್ರಗತಿ" ಎಂಬಲ್ಲಿ ಪೆನ್ನು ನಿಂತಿತು.
ಡಾಕ್ಟರ ಪಟ್ಟಿಯಲ್ಲಿದ್ದದ್ದು ಅಮ್ಮ, ಚೆಂಡು, ನೀರು, ಬಾ.
ವರ್ಷವಾಗುತ್ತ ಬಂದರೂ ಒಂದೂ ಹೊರಟಿಲ್ಲ.
ಧನ್ವಿ ಸ್ಟೂಲಿನ ಮೇಲೆ ಕಾಲಾಡಿಸುತ್ತಿದ್ದಳು.
ಹೊರಗೆ ಎಕ್ಸ್‌ಪ್ರೆಸ್ಸು ನಿಂತು, ಜನ ಇಳಿದು, ಹತ್ತಿ,
ಬಾಗಿಲ ತಗಡಿಗೆ ಕಂಡಕ್ಟರು ಕೈಯೆತ್ತುವ ಮೊದಲೇ
ಇವಳು ಸ್ಟೂಲು ಬಡಿದು, ಕತ್ತು ಚಾಚಿ,
ಅದೇ ರಾಗದಲ್ಲಿ:
"ರೈಟ್! ಪೋಯಿ!"

ಬಸ್ಸು ಹೊರಟಿತು.

ಸುಂದರಿ ಕೈಚೀಲ ನೆಲಕ್ಕಿಟ್ಟು
ಅದರ ಪಕ್ಕದಲ್ಲೇ ಕೂತುಬಿಟ್ಟಳು.
ನಾನು ಬರೆದೆ: ಮಾತು ಆರಂಭ. ಲಗತ್ತು, ನಾಲ್ಕು.
ಸಹಿ ಹಾಕುವಾಗ ಅವಳ ಕೈ ಗೆರೆ ಬಿಟ್ಟು ಕೆಳಗೆ ಹೋಯಿತು,
ಇರಲಿ ಎಂದೆ.

ಆ ದಿನ ಪೆನ್ನು ವಾಪಸು ಬರಲಿಲ್ಲ.
ಧನ್ವಿ ಅದನ್ನು ಕಂಡಕ್ಟರನ ಹಾಗೆ
ಕಿವಿಯ ಹಿಂದೆ, ಯಂತ್ರದ ಪಕ್ಕ
ಸಿಕ್ಕಿಸಿಕೊಂಡು ಹೋಗಿದ್ದಳು.