ಕೂಗಳತೆ

ಡ್ಯಾಶ್‌ಬೋರ್ಡಿನ ಮೇಲೆ ಮೂರು ಫೋನು, ಮೂರು ಕಂಪನಿ.
ಹಳೆಯ ಜೀಪು ಕುಲುಕಿದಾಗೆಲ್ಲ
ಮೂರೂ ತಲೆಯಾಡಿಸುತ್ತವೆ, ಮಾತು ಮಾತ್ರ ಬೇರೆ ಬೇರೆ.
ದೊಲೊನ್ ಕಣಿವೆ ಹತ್ತುವವರೆಗೆ ನೀಲಿ ಮುಂದೆ,
ಇಳಿಜಾರಿನಲ್ಲಿ ಕೆಂಪು.
ಹಳದಿಯ ಜಂಬವೆಲ್ಲ ಪೆಟ್ರೋಲ್ ಬಂಕಿನ ಸುತ್ತ.

ನನ್ನ ಕೆಲಸ ಇಷ್ಟೇ, ಕಿವಿಯಿಟ್ಟು ಬರೆದುಕೊಳ್ಳುವುದು.
ಇಲ್ಲಿ ಎಲ್ಲ ಲೆಕ್ಕವೂ ಸೊನ್ನೆಯ ಕೆಳಗೆ:
ಮೈನಸ್ ಎಪ್ಪತ್ತು ಅಂದರೆ ಹಬ್ಬ,
ಮೈನಸ್ ನೂರು ಅಂದರೆ ಹೇಗೋ ನಡೆಯಿತು,
ನೂರಾಹತ್ತರ ಕೆಳಗಿಳಿದರೆ ನಕ್ಷೆಯಲ್ಲಿ ಬಿಳಿ.
ಹನ್ನೊಂದು ವರ್ಷದಲ್ಲಿ ಯಾವುದೂ ಸೊನ್ನೆ ಮುಟ್ಟಿದ್ದು ಕಂಡಿಲ್ಲ,
ಟವರಿನ ಬುಡದಲ್ಲೇ ಬುತ್ತಿ ಬಿಚ್ಚಿದಾಗಲೂ.

ಶೈಲೋಬೆಕ್ ಸ್ಟಿಯರಿಂಗ್ ಬಿಡದೆ ಕೇಳಿದ:
"ಬಿಷ್ಕೆಕ್ಕಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಸಿನಿಮಾ ಇಳಿಸುವ ಇದಕ್ಕೆ
ಒಂದು ಗುಡ್ಡ ಅಡ್ಡ ಬಂದರೆ ಉಸಿರೇ ಇಲ್ಲವಲ್ಲ?"
ಹೇಳಿದೆ: ಎರಡು ಸಾವಿರದ ಆರುನೂರರದು ಪೇಟೆಯ ನಾಲಗೆ,
ಒಂದೇ ಉಸಿರಿಗೆ ನೂರು ಸುದ್ದಿ,
ಗೋಡೆ ಸಿಕ್ಕರೆ ಮುಗಿಯಿತು, ಒದ್ದೆ ಎಲೆಗೂ ಎಡವುತ್ತದೆ.
ಎಂಟುನೂರರದು ಕುರಿ ಕಾಯುವವನ ಗಂಟಲು,
ದಪ್ಪ, ನಿಧಾನ, ಹೇಳುವುದು ನಾಲ್ಕೇ ಮಾತು,
ಆದರೆ ಗುಡ್ಡದ ಅಂಚಿಗೆ ಬಾಗಿ ಆಚೆಗೂ ಇಳಿಯುತ್ತದೆ.
"ನಮ್ಮ ಮಾವನ ಹಾಗೆ," ಅಂದ. ಗೇರು ಬದಲಿಸಿದ.
ಮುಂದಿನ ಹತ್ತು ಕಿಲೋಮೀಟರು ಮಾವನ ಮೇಲೆಯೇ ಹೋಯಿತು.

ಕಂಪನಿಯ ನಕ್ಷೆಯಲ್ಲಿ ಈ ಹುಲ್ಲುಗಾವಲು ಪೂರ್ತಿ ನೇರಳೆ.
ಬಣ್ಣ ಬಳಿದವನು ಇಲ್ಲಿಗೆ ಬಂದವನಲ್ಲ,
ಕಂಪ್ಯೂಟರಿನೊಳಗೆ ಗುಡ್ಡಗಳು ನಯವಾಗಿರುತ್ತವೆ.
ಸಾಯ್ರಾಷ್ ಕುದುರೆಹಾಲು ಕಡೆಯುತ್ತ, ತಲೆಯೆತ್ತದೆ,
ತನ್ನ ನಕ್ಷೆ ಹೇಳಿದಳು:
ನೀಲಿ ಬೇಕೆ? ಮರಿಗಳ ಹಗ್ಗ ದಾಟಿ ಮೂರನೇ ಬಂಡೆ.
ಕೂರಬೇಡ, ನಿಲ್ಲು, ಬೆನ್ನು ಕೆರೆಗೆ.
ಕೆಂಪಿಗಾದರೆ ಗೋರಿಯ ದಿಬ್ಬ, ಬೆಳಗಿನ ಹತ್ತರೊಳಗೆ.
ಹಳದಿಯದನ್ನು ಮಗುವಿಗೆ ಆಡಲು ಕೊಟ್ಟಿದ್ದೇನೆ.

ಬಿಡಾರದ ಪಕ್ಕ ನಾಲ್ಕು ಮೀಟರಿನ ಕಂಬ.
ತುದಿಯಲ್ಲಿ ಉಣ್ಣೆಯ ಚೀಲ, ಚೀಲದಲ್ಲಿ ಗುಂಡಿಯ ಫೋನು,
ಕರೆ ಬಂದರೆ ತಾನೇ ಎತ್ತಿಕೊಂಡು ಗಟ್ಟಿಯಾಗಿ ನುಡಿಯುತ್ತದೆ.
ಕೈಗೆ ಇಳಿಸಿದರೆ ಮಾತು ಹರಿದುಹೋಗುತ್ತದೆ,
ಅದಕ್ಕೇ ಕೆಳಗೆ ನಿಂತವರು ಕತ್ತೆತ್ತಿ ಆಕಾಶಕ್ಕೆ ಕೂಗುತ್ತಾರೆ.
ಇಲ್ಲಿ ಗುಟ್ಟು ಅನ್ನುವುದಿಲ್ಲ.
ಕುರಿ ವ್ಯಾಪಾರಿಯ ಚೌಕಾಸಿ, ನಾದಿನಿಯ ಮುನಿಸು
ಏಳು ಬಿಡಾರಕ್ಕೂ ಗೊತ್ತು.
ಕಳೆದ ಗುರುವಾರ ನರೀನಿನ ಆಸ್ಪತ್ರೆಯಿಂದ:
"ಹೆಣ್ಣು. ಮೂರು ಕಿಲೋ ಇನ್ನೂರು. ತಲೆತುಂಬ ಕೂದಲು."
ಹಾಲು ಕರೆಯುತ್ತಿದ್ದವರೆಲ್ಲ ಹೋ ಎಂದರಂತೆ,
ಬೆಚ್ಚಿದ ಕುದುರೆಯೊಂದು ಬಕೆಟ್ಟು ಒದ್ದಿತಂತೆ.

ನಾನು ಕಂಬದ ಬುಡದಲ್ಲಿ ಯಂತ್ರ ಹಿಡಿದೆ.
ನಿಯಮ: ನೆಲದಿಂದ ಒಂದೂವರೆ ಮೀಟರು, ಐದು ನಿಮಿಷ.
ಮೈನಸ್ ನೂರಾಹದಿನೆಂಟು.
"ಏನು ಬರೆದೆ?"
"ಇಲ್ಲ ಅಂತ."
"ಏನಿಲ್ಲ?"
"ನೆಟ್‌ವರ್ಕು."
ಕಡೆಗೋಲು ನಿಂತಿತು.
"ಹಾಗಾದರೆ ಗುರುವಾರ ಹುಟ್ಟಿದ್ದು ಯಾರು?"

ನಮೂನೆಯಲ್ಲಿ ನಲವತ್ತಾರು ಅಂಕಣ, ಕಂಬಕ್ಕೊಂದೂ ಇಲ್ಲ.
ನಾನು ಬಾಯಿಬಿಡದ ಇನ್ನೊಂದು ಸಂಗತಿ:
ಒಂಬೈನೂರರ ಈ ಹಳೆಯ ಟೂಜಿಯನ್ನು ಮುಂದಿನ ವರ್ಷ ನಿಲ್ಲಿಸಿ
ಆ ಜಾಗ ಹೊಸದಕ್ಕೆ ಬಿಡುವ ಮಾತು ಕಚೇರಿಯಲ್ಲಿದೆ.
ಗುಂಡಿಯ ಫೋನಿಗೆ ಹೊಸ ಭಾಷೆ ಬಾರದು.
ಆಕೆ ಕೊಟ್ಟ ಬಟ್ಟಲು ಎರಡೂ ಕೈಯಲ್ಲಿ ಹಿಡಿದು
ಹುಳಿಗೆ ಕಣ್ಣು ಮುಚ್ಚಿ ಕುಡಿದೆ.

ಮರಳಿ ಕಣಿವೆಯ ನೆತ್ತಿಯಲ್ಲಿ ಮೂರು ಫೋನೂ ಒಟ್ಟಿಗೆ ಕಿರುಗುಟ್ಟಿದವು.
ಕಚೇರಿ: ಇವತ್ತಿನ ಬಿಳಿ ಎಷ್ಟು?
ಶೈಲೋಬೆಕ್: "ಮಗುವಿಗೆ ಹೆಸರೇನಿಟ್ಟರಂತೆ?"
ಕೇಳಿಯೇ ಇರಲಿಲ್ಲ.
ಕಂಬದ ನಂಬರು ಕೈಯ ಮೇಲೆ ಬರೆದುಕೊಂಡಿದ್ದೆ, ಹಚ್ಚಿದೆ.
ಅತ್ತ ಗಾಳಿ. ಆಮೇಲೆ ಏಳು ಬಿಡಾರವೂ ಒಮ್ಮೆಲೇ ಕೂಗಿದಂತೆ ಏನೋ.
ಹೆಸರು ತಿಳಿಯಲಿಲ್ಲ.
ನಾಯಿ ಬೊಗಳಿದ್ದು ಮಾತ್ರ ಸ್ಪಷ್ಟ.